ಶಾಖ ಯಾವ ಕಡೆಗೆ ಹೊರಟಿದೆ?

ಮಕ್ಕಳೇ, ಹಳೆಯ ಕಂಪ್ಯೂಟರನ್ನು ಬಿಚ್ಚಿದಾಗ ಒಳಗಿರುವ ಹಸಿರು ಹಲಗೆಯನ್ನು ನೋಡಿದ್ದೀರಾ? ಅದು ಸರ್ಕ್ಯೂಟ್ ಬೋರ್ಡ್. ನೋಡಲು ಒಂದೇ ತುಂಡು. ಆದರೆ ಗಾಜಿನ ನೂಲಿನ ಬಟ್ಟೆಯನ್ನು ರಾಳದಲ್ಲಿ ಅದ್ದಿ ಗಟ್ಟಿ ಮಾಡಿದ ಪದರಗಳು ಅದರಲ್ಲಿವೆ. ಅವುಗಳ ಜೊತೆಗೆ ತೆಳುವಾದ ತಾಮ್ರದ ಹಾಳೆಗಳೂ ಇವೆ. ಹೀಗೆ ಬೇರೆ ಬೇರೆ ವಸ್ತುಗಳನ್ನು ಜೋಡಿಸಿ ಮಾಡಿದ್ದನ್ನು ಸಂಯೋಜಿತ ವಸ್ತು ಎನ್ನುತ್ತಾರೆ.

ಬೋರ್ಡಿನ ಮೇಲಿರುವ ಚಿಪ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಆ ಶಾಖ ಹೊರಹೋಗದಿದ್ದರೆ ಚಿಪ್ ಕೆಡುತ್ತದೆ. ಆದ್ದರಿಂದ ಬೋರ್ಡು ಶಾಖವನ್ನು ಎಷ್ಟು ಚೆನ್ನಾಗಿ ಸಾಗಿಸೀತು ಎಂದು ಎಂಜಿನಿಯರರು ಮೊದಲೇ ಅಂದಾಜು ಮಾಡಬೇಕು.

ಶಾಖ ಸಾಗಿಸುವ ಗುಣದ ಅಳತೆಯೇ ಉಷ್ಣವಾಹಕತೆ. ತಾಮ್ರದ ಉಷ್ಣವಾಹಕತೆ ಸುಮಾರು 400, ಗಾಜು-ರಾಳದ್ದು ಸುಮಾರು 0.3. (ಇದರ ಏಕಮಾನ ವಾಟ್ ಪ್ರತಿ ಮೀಟರ್ ಪ್ರತಿ ಕೆಲ್ವಿನ್. ಹೆಸರು ಉದ್ದವಾಯಿತು, ಸದ್ಯಕ್ಕೆ ಸಂಖ್ಯೆಗಳು ಸಾಕು.) ಬೋರ್ಡಿನ ದಪ್ಪದ 10 ಪಾಲಿನಲ್ಲಿ 1 ಪಾಲು ತಾಮ್ರ, 9 ಪಾಲು ಗಾಜು-ರಾಳ ಎಂದುಕೊಳ್ಳೋಣ. ಸರಾಸರಿ ಎಷ್ಟು? 400 + 9 × 0.3 = 402.7. ಇದನ್ನು 10ರಿಂದ ಭಾಗಿಸಿದರೆ ಸುಮಾರು 40.

ಈ ಉತ್ತರ ಅರ್ಧ ಮಾತ್ರ ಸರಿ! ಶಾಖ ಹಲಗೆಯ ಉದ್ದಕ್ಕೆ ಹರಿಯುವಾಗ ಪದರಗಳು ಅಕ್ಕಪಕ್ಕದ ರಸ್ತೆಗಳಿದ್ದಂತೆ. ಬಹುಪಾಲು ಶಾಖ ತಾಮ್ರದಲ್ಲೇ ಸಾಗುತ್ತದೆ, ಆಗ 40 ಸರಿ. ಆದರೆ ಮೇಲಿನಿಂದ ಕೆಳಕ್ಕೆ ಇಳಿಯುವಾಗ? ಒಂದೊಂದು ಪದರವನ್ನೂ ದಾಟಲೇಬೇಕು. ಹತ್ತು ಮೈಲಿ ದಾರಿಯಲ್ಲಿ ಒಂದು ಮೈಲಿಗೆ ಬಸ್ಸು ಸಿಕ್ಕಿ, ಒಂಬತ್ತು ಮೈಲಿ ನಡೆಯಬೇಕಾದರೆ ಬಸ್ಸು ಎಷ್ಟು ಜೋರಾಗಿ ಓಡಿದರೇನು?

ಇಲ್ಲಿ ತಡೆಗಳನ್ನು ಕೂಡಿಸಬೇಕು. ದಪ್ಪವನ್ನು ಉಷ್ಣವಾಹಕತೆಯಿಂದ ಭಾಗಿಸಿದರೆ ತಡೆ ಸಿಗುತ್ತದೆ. ಗಾಜು-ರಾಳದ ತಡೆ 9 ÷ 0.3 = 30. ತಾಮ್ರದ ತಡೆ 1 ÷ 400 = 0.0025, ಅಂದರೆ ಇಲ್ಲವೆಂದೇ ಹೇಳಬಹುದು. ಒಟ್ಟು ದಪ್ಪವಾದ 10ನ್ನು ಒಟ್ಟು ತಡೆಯಿಂದ ಭಾಗಿಸಿ. ಬಂತೇ 0.33? ಅದೇ ಬೋರ್ಡು, ಒಂದು ದಿಕ್ಕಿಗೆ 40, ಇನ್ನೊಂದು ದಿಕ್ಕಿಗೆ 0.33! (ನಿಜವಾದ ಬೋರ್ಡಿನಲ್ಲಿ ತಾಮ್ರವನ್ನು ಗೆರೆಗಳಾಗಿ ಕತ್ತರಿಸಿರುವುದರಿಂದ 40 ಇನ್ನೂ ಕಡಿಮೆಯಾಗುತ್ತದೆ.)

ಪದರಗಳ ಬದಲು ಗುಂಡನೆಯ ಕಣಗಳು ಚದುರಿದ್ದರೆ ಲೆಕ್ಕವೇ ಬೇರೆ. ಅಂಥ ಮಿಶ್ರಣದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ ಎಂಬುದಕ್ಕೆ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್ 1873ರ ತನ್ನ ಗ್ರಂಥದಲ್ಲಿ ಸೂತ್ರ ಕೊಟ್ಟಿದ್ದಾನೆ. ಶಾಖಕ್ಕೂ ಅದೇ ಸೂತ್ರ ಹೊಂದುತ್ತದೆ.

ಹಾಗಾದರೆ ಚಿಪ್ಪಿನ ಶಾಖವನ್ನು ಬೋರ್ಡಿನ ಕೆಳಗೆ ಇಳಿಸುವುದು ಹೇಗೆ? ಚಿಪ್ಪಿನ ಅಡಿಯಲ್ಲಿ ಸಣ್ಣ ರಂಧ್ರಗಳನ್ನು ಕೊರೆದು, ಒಳಗೋಡೆಗೆ ತಾಮ್ರ ಲೇಪಿಸುತ್ತಾರೆ. ಅಲ್ಲಿನ ಜಾಗದ 100 ಪಾಲಿನಲ್ಲಿ 1 ಪಾಲು ತಾಮ್ರವಾದರೂ ಸಾಕು, 0.33 ಇದ್ದದ್ದು ಸುಮಾರು 4.3 ಆಗುತ್ತದೆ. ಹದಿಮೂರು ಪಟ್ಟು! ಕೆಟ್ಟು ಮೂಲೆಗೆ ಬಿದ್ದ ಬೋರ್ಡು ಸಿಕ್ಕರೆ ತಿರುಗಿಸಿ ನೋಡಿ. ಕೆಲವು ಬೋರ್ಡುಗಳಲ್ಲಿ ಚಿಪ್ಪಿನ ಹಿಂಬದಿಗೆ ಚುಕ್ಕಿಗಳಂಥ ರಂಧ್ರಗಳು ಒತ್ತಾಗಿ ಕಾಣುತ್ತವೆ.