ಹುಲ್ಲು ಹಿಡಿದಿಟ್ಟ ಹಳಿ

ಟಾಲಿಲಿನ್ ರೈಲ್ವೆ ಬ್ರಿಟನ್ನಿನ ವೇಲ್ಸ್ ಸೀಮೆಯ ಪಶ್ಚಿಮ ಕರಾವಳಿಯಲ್ಲಿರುವ ಟವಿನ್ ಎಂಬ ಪುಟ್ಟ ಊರಿನಿಂದ ಹೊರಟು ಬೆಟ್ಟಗಳ ನಡುವೆ ಏಳೂಕಾಲು ಮೈಲಿ ಸಾಗುವ ಕಿರುದಾರಿ. ಮುಚ್ಚಿಹೋಗಲಿದ್ದ ರೈಲುಮಾರ್ಗವೊಂದನ್ನು ಸ್ವಯಂಸೇವಕರೇ ವಹಿಸಿಕೊಂಡು ಓಡಿಸಿದ್ದು ಜಗತ್ತಿನಲ್ಲಿ ಮೊದಲು ಇಲ್ಲಿಯೇ, 1951ರಲ್ಲಿ. ಅದರ ಹಳಿಗಳ ನಡುವಿನ ಅಂತರ 2 ಅಡಿ 3 ಇಂಚು, ಅಂದರೆ 686 ಮಿಲಿಮೀಟರ್. ಭಾರತದ ಬ್ರಾಡ್‌ಗೇಜ್ 1676 ಮಿಲಿಮೀಟರ್. ನಮ್ಮ ದಾರಿಯ ಅರ್ಧದಷ್ಟೂ ಅಗಲವಿಲ್ಲದ ರೈಲು ಅದು.

ಬ್ರಿನ್ ಎಗ್ಲುಯಿಸ್ ಗಣಿಯ ಸ್ಲೇಟ್ ಕಲ್ಲನ್ನು ಸಮುದ್ರದ ಕಡೆಗೆ ಇಳಿಸಲೆಂದು 1860ರ ದಶಕದಲ್ಲಿ ಹುಟ್ಟಿದ ಮಾರ್ಗವಿದು. ಹಣ ಹಾಕಿದವರು ಮ್ಯಾಂಚೆಸ್ಟರಿನ ಹತ್ತಿ ಗಿರಣಿಯ ಮಾಲೀಕರಾದ ಮೆಕಾನೆಲ್ ಮನೆತನದವರು. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತಾಗ ಅವರು ಬೇರೆ ದಂಧೆ ಹುಡುಕಿಕೊಂಡು ಬಂದಿದ್ದರು. ಪ್ರಯಾಣಿಕರನ್ನೂ ಕೂರಿಸಬೇಕೆಂದಾಗ ಸರ್ಕಾರಿ ತಪಾಸಣಾಧಿಕಾರಿ ತಕರಾರು ತೆಗೆದ: ಸೇತುವೆಗಳ ಕೆಳಗೆ ಡಬ್ಬಿಗೂ ಗೋಡೆಗೂ ನಡುವೆ ಜಾಗ ಸಾಲದು. ಸೇತುವೆಗಳನ್ನು ಕೆಡವುವ ಬದಲು ಹಳಿಯನ್ನೇ ಒಂದು ಮಗ್ಗುಲಿಗೆ ಸರಿಸಿ, ಇಕ್ಕಟ್ಟಾದ ಕಡೆಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿದರು. ಇಂದಿಗೂ ಆ ರೈಲಿನಲ್ಲಿ ಹತ್ತುವುದು ಇಳಿಯುವುದು ಎರಡೂ ಒಂದೇ ಮಗ್ಗುಲಿನಿಂದ.

1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡವರು ಅಲ್ಲಿನ ಸಂಸತ್ ಸದಸ್ಯ ಹೆನ್ರಿ ಹೇಡನ್ ಜೋನ್ಸ್. 1946ರ ಕೊನೆಗೆ ಗಣಿಯೊಳಗೆ ಕುಸಿತವಾಗಿ ಕಲ್ಲು ತೆಗೆಯುವುದು ನಿಂತಿತು. ತಾವು ಇರುವ ತನಕ ರೈಲು ಓಡುತ್ತದೆ ಎಂದು ಜೋನ್ಸ್ ಮಾತು ಕೊಟ್ಟಿದ್ದರು. ಲಾಭದ ಲೆಕ್ಕಕ್ಕೆ ಸಿಗದ ಆ ಮಾತನ್ನು ಅವರು ನಡೆಸಿಯೂ ಕೊಟ್ಟರು. 1948ರಲ್ಲಿ ದೇಶದ ರೈಲುಗಳನ್ನೆಲ್ಲ ಸರ್ಕಾರ ವಹಿಸಿಕೊಂಡಾಗ ಈ ಕಿರುದಾರಿ ಆ ಪಟ್ಟಿಯಿಂದ ಹೊರಗೇ ಉಳಿಯಿತು. 1950ರ ಜುಲೈ 2ರಂದು ಜೋನ್ಸ್ ತೀರಿಕೊಂಡರು. ಆ ಬೇಸಿಗೆಯ ಓಡಾಟ ಅಕ್ಟೋಬರ್ 6ಕ್ಕೆ ಮುಗಿಯಿತು. ಮುಂದೇನೆಂದು ಯಾರಿಗೂ ತಿಳಿದಿರಲಿಲ್ಲ.

ಐದೇ ದಿನಗಳ ಬಳಿಕ, ಅಕ್ಟೋಬರ್ 11ರಂದು, ಬರ್ಮಿಂಗ್‌ಹ್ಯಾಮ್ ನಗರದ ಇಂಪೀರಿಯಲ್ ಹೋಟೆಲಿನಲ್ಲಿ ಒಂದು ಸಭೆ ಸೇರಿತು. ಕರೆದವರಲ್ಲಿ ಮುಖ್ಯರಾದವರು ಲೇಖಕ ಟಾಮ್ ರೋಲ್ಟ್. ಎಂಜಿನಿಯರಿಂಗ್ ಕಲಿತವರು, ಬ್ರಿಟನ್ನಿನ ಹಳೆಯ ಕಾಲುವೆಗಳ ಉಳಿವಿಗಾಗಿ ದುಡಿದವರು. ಅಲ್ಲಿ ಹುಟ್ಟಿದ ಸಂರಕ್ಷಣಾ ಸಂಘದ ಬಳಿ ರೈಲು ಕೊಳ್ಳುವಷ್ಟು ಹಣವಿರಲಿಲ್ಲ. ಜೋನ್ಸರ ಪತ್ನಿ ಷೇರುಗಳನ್ನು ಸಂಘದವರೂ ಸೇರಿ ನಡೆಸುವ ಹೊಸ ಕಂಪನಿಗೆ ಬಿಟ್ಟುಕೊಟ್ಟರು. 1951ರ ಫೆಬ್ರವರಿ 8ಕ್ಕೆ ಒಪ್ಪಂದವಾಯಿತು. ಮೇ 14ರ ಹಬ್ಬದ ಸೋಮವಾರ ಸಂಘದ ಮೊದಲ ರೈಲು ಟವಿನ್‌ನಿಂದ ಹೊರಟಿತು. ಆದರೆ ಹೋದದ್ದು ಎರಡು ಚಿಲ್ಲರೆ ಮೈಲಿ ದೂರದ ರಿಡೊರೊನೆನ್ ನಿಲ್ದಾಣದವರೆಗೆ ಮಾತ್ರ. ಕಣಿವೆಯ ಮೇಲ್ಭಾಗದ ಅಬರ್‌ಗನೋಲ್ವಿನ್ ತನಕ ದಿನವಹಿ ಸಂಚಾರ ಶುರುವಾದದ್ದು ಜೂನ್ 4ರಿಂದ.

ಹೀಗೆ ಅರ್ಧದಾರಿಗೆ ನಿಲ್ಲಬೇಕಾದದ್ದು ಹಳಿಯ ಸ್ಥಿತಿಯಿಂದಾಗಿ. ಬಹುಪಾಲು ಹಳಿಗಳು ಮೊದಲು ಹಾಸಿದಾಗಿನವೇ. ಎಂಬತ್ತೈದು ವರ್ಷ ಸವೆದ ಕಬ್ಬಿಣ. ಅವುಗಳ ಅಡಿಯ ಮರದ ಸ್ಲೀಪರುಗಳು ಎಷ್ಟೋ ಕಡೆ ಪುಡಿಯಾಗಿದ್ದವು. ಸ್ಲೀಪರಿನ ಕೆಲಸ ಎರಡು: ಭಾರವನ್ನು ನೆಲಕ್ಕೆ ಹಂಚುವುದು, ಎರಡು ಹಳಿಗಳು ಒಂದರಿಂದೊಂದು ದೂರ ಸರಿಯದಂತೆ ಕಟ್ಟಿಹಾಕುವುದು. ಮರ ಕೊಳೆತರೆ ಮೊಳೆ ಸಡಿಲವಾಗುತ್ತದೆ, ಗಾಲಿಯ ಒತ್ತಡಕ್ಕೆ ಹಳಿ ಹೊರಕ್ಕೆ ಬಾಗುತ್ತದೆ. ಟಾಲಿಲಿನ್‌ನಲ್ಲಿ ಹಳಿಯನ್ನು ಅಷ್ಟಿಷ್ಟು ಹಿಡಿದಿಟ್ಟಿದ್ದದ್ದು ಅದರ ಸುತ್ತ ದಟ್ಟವಾಗಿ ಬೇರುಬಿಟ್ಟ ಹುಲ್ಲು. ತಮಾಷೆಯಂತೆ ಕೇಳಿದರೂ ಇದು ಬರೀ ತಮಾಷೆಯಲ್ಲ. ಹುಲ್ಲು ಕಿತ್ತು ಚೊಕ್ಕಟ ಮಾಡಹೊರಟರೆ ಇದ್ದ ಆಧಾರವೂ ತಪ್ಪುವ ಭಯವಿತ್ತು. ಇತ್ತ ಒದ್ದೆ ಹುಲ್ಲಿನ ಮೇಲೆ ಎಂಜಿನ್ನಿನ ಗಾಲಿ ಜಾರುತ್ತಿತ್ತು.

ಎಂಜಿನ್ನುಗಳ ಕಥೆಯೂ ಬೇರೆಯಲ್ಲ. ಇದ್ದವು ಎರಡು, 1864ರ ‘ಟಾಲಿಲಿನ್’, 1866ರ ‘ಡೋಲ್‌ಗೋಖ್’. ಮೊದಲನೆಯದು ಕೆಟ್ಟು ಮೂಲೆ ಸೇರಿತ್ತು. ಡೋಲ್‌ಗೋಖ್ ಎರಡನೇ ಮಹಾಯುದ್ಧದ ಕಾಲದಲ್ಲಿ ದೊಡ್ಡ ರಿಪೇರಿ ಕಂಡಿದ್ದರಿಂದ ಹೇಗೋ ಓಡುತ್ತಿತ್ತು. ಇಡೀ ಬೇಸಿಗೆಯ ವೇಳಾಪಟ್ಟಿ ಅದೊಂದರ ಮೇಲೆ ನಿಂತಿತ್ತು. ಉಗಿ ಎಂಜಿನ್ನು ಕೀಲಿ ತಿರುವಿದೊಡನೆ ಹೊರಡುವಂಥದ್ದಲ್ಲ. ಹೊರಡುವ ಗಂಟೆಗಳ ಮೊದಲೇ ಒಲೆ ಹೊತ್ತಿಸಿ ಉಗಿಯ ಒತ್ತಡ ಏರಲು ಕಾಯಬೇಕು, ಬೂದಿ ತೆಗೆಯಬೇಕು, ಬಾಯ್ಲರಿನ ಕೊಳವೆಗಳ ಮಸಿ ಗುಡಿಸಬೇಕು. ಬಾಯ್ಲರಿನ ಒಳಗೆ ಕಟ್ಟಿದ ಕೆಸರನ್ನು ಆಗಾಗ ತೊಳೆಯಬೇಕು. ಅದಕ್ಕೆ ಎಂಜಿನ್ನು ಪೂರಾ ಆರಬೇಕು. ಬದಲಿ ಎಂಜಿನ್ನೇ ಇಲ್ಲದಲ್ಲಿ ಆರಿಸಲು ಬಿಡುವೆಲ್ಲಿ?

ಅದೇ ಅಳತೆಯ ಹಳಿಯುಳ್ಳ ನೆರೆಯ ಕೊರಿಸ್ ರೈಲ್ವೆ 1948ರಲ್ಲಿ ಮುಚ್ಚಿತ್ತು. ಅದರ ಎರಡು ಎಂಜಿನ್ನುಗಳನ್ನು ಸಂಘ ತಲಾ 25 ಪೌಂಡಿಗೆ ಕೊಂಡಿತು. ‘ಸರ್ ಹೇಡನ್’ ಎಂದು ಹೆಸರಿಟ್ಟ ಒಂದನ್ನು 1951ರಲ್ಲೇ ಹಳಿಗೆ ಹತ್ತಿಸಿದರೆ ಮತ್ತೆ ಮತ್ತೆ ಕೆಳಗಿಳಿಯಿತು. ಕಾರಣ ಹುಡುಕಿದಾಗ ತಿಳಿದದ್ದಿಷ್ಟು: ತನ್ನ ಹಳೆಯ ಎಂಜಿನ್ನುಗಳ ಮುಂದಿನ ಹಿಂದಿನ ಗಾಲಿಗಳ ನಡುವೆ ಅಂತರ ಹೆಚ್ಚೆಂದು, ತಿರುವಿನಲ್ಲಿ ಸಿಕ್ಕಿಕೊಳ್ಳದಿರಲೆಂದು, ಟಾಲಿಲಿನ್ ತನ್ನ ಹಳಿಗಳನ್ನು ಮೊದಲಿನಿಂದಲೇ ಸುಮಾರು ಅರ್ಧ ಇಂಚು ಅಗಲವಾಗಿ ಹಾಸಿತ್ತು. ಸ್ಲೀಪರು ಕೊಳೆತು ಆ ಅಂತರ ಇನ್ನಷ್ಟು ಹಿಗ್ಗಿತ್ತು. ಕೊರಿಸ್ ಎಂಜಿನ್ನಿನ ಗಾಲಿಪಟ್ಟಿ ಕಿರಿದು. ಹಳಿಗಳ ನಡುವಿನ ಸಂದಿಗೆ ಅದು ಜಾರಿ ಬೀಳುತ್ತಿತ್ತು. ಕಾಗದದಲ್ಲಿ ಎರಡೂ ರೈಲುಗಳ ಅಳತೆ ಒಂದೇ. ನೆಲದ ಮೇಲೆ ಬೇರೆ ಬೇರೆ. ಎರಡನೆಯ ಎಂಜಿನ್ನನ್ನು ಲೀಡ್ಸಿನ ಹನ್ಸ್‌ಲೆಟ್ ಕಾರ್ಖಾನೆ ಪುಕ್ಕಟೆಯಾಗಿ ದುರಸ್ತಿ ಮಾಡಿಕೊಟ್ಟಿತು. ‘ಎಡ್ವರ್ಡ್ ಥಾಮಸ್’ ಎಂಬ ಹೆಸರು ಹೊತ್ತು 1952ರಲ್ಲಿ ಅದು ಕೆಲಸಕ್ಕಿಳಿದಾಗ ಡೋಲ್‌ಗೋಖ್‌ನ ಹೊರೆ ಸ್ವಲ್ಪ ಇಳಿಯಿತು.

ಮೊದಲೆರಡು ವರ್ಷ ರೋಲ್ಟ್ ತಾವೇ ವ್ಯವಸ್ಥಾಪಕರಾಗಿದ್ದರು. ಮೊದಲ ವರ್ಷ ಯಂತ್ರಗಳ ಹೊಣೆ ಡೇವಿಡ್ ಕರ್ವೆನ್ ಅವರದು. ರಜೆಯಲ್ಲಿ ಬಂದ ಸ್ವಯಂಸೇವಕರಿಗೆ ಉತ್ಸಾಹವಿತ್ತು, ಬೆರಳೆಣಿಕೆಯ ಹಳೆಯ ಕೆಲಸಗಾರರಿಗೆ ಆ ದಾರಿಯ ಒಳಗುಟ್ಟು ತಿಳಿದಿತ್ತು. ಒಂದನ್ನು ಬಿಟ್ಟು ಇನ್ನೊಂದರಿಂದ ಆ ಬೇಸಿಗೆ ದಾಟುತ್ತಿರಲಿಲ್ಲ. ‘ರೈಲ್ವೆ ಅಡ್ವೆಂಚರ್’ ಎಂಬ ಪುಸ್ತಕದಲ್ಲಿ ರೋಲ್ಟ್ ಈ ದಿನಗಳನ್ನು ದಾಖಲಿಸಿದ್ದಾರೆ. ಚಿತ್ರಕಥೆಗಾರ ಟಿ.ಇ.ಬಿ. ಕ್ಲಾರ್ಕ್ ಇಲ್ಲಿಗೆ ಬಂದು ಹೋದ ಬಳಿಕ ಬರೆದ ‘ದಿ ಟಿಟ್‌ಫೀಲ್ಡ್ ಥಂಡರ್‌ಬೋಲ್ಟ್’ ಸಿನಿಮಾ 1953ರಲ್ಲಿ ತೆರೆಕಂಡಿತು. 1952ರಲ್ಲಿ ಗಾರ್ಡ್ ಆಗಿ ದುಡಿದ ಪಾದ್ರಿ ವಿಲ್ಬರ್ಟ್ ಆಡ್ರಿ, ಮಕ್ಕಳ ಮೆಚ್ಚಿನ ‘ಥಾಮಸ್’ ಎಂಜಿನ್ನಿನ ಕಥೆಗಾರರು. ಅವರ ಕಥಾಲೋಕದ ಸ್ಕಾರ್ಲೋಯಿ ರೈಲ್ವೆ ಈ ಮಾರ್ಗದ್ದೇ ಪ್ರತಿರೂಪ.

ನೆರೆಯ ಫೆಸ್ಟಿನಿಯೋಗ್ ರೈಲು 1955ರಲ್ಲಿ, ಇಂಗ್ಲೆಂಡಿನ ಬ್ಲೂಬೆಲ್ ರೈಲು 1960ರಲ್ಲಿ ಇದೇ ಬಗೆಯಲ್ಲಿ ಮರಳಿದವು. ಟಾಲಿಲಿನ್‌ನಲ್ಲಿ ಹಳಿ, ಸ್ಲೀಪರು ಬದಲಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ‘ಟಾಲಿಲಿನ್’ ಎಂಜಿನ್ನು 1958ರಲ್ಲಿ ದುರಸ್ತಿಯಾಗಿ ಬಂತು. ಮೊದಲ ಬೇಸಿಗೆಯ ಭಾರ ಹೊತ್ತಿದ್ದ ಡೋಲ್‌ಗೋಖ್‌ಗೆ ಬಿಡುವು ಸಿಕ್ಕಿದ್ದು 1954ರಲ್ಲಿ. ಒಂಬತ್ತು ವರ್ಷ ಶೆಡ್ಡಿನಲ್ಲಿದ್ದು, 1963ರಲ್ಲಿ ಅದು ಮತ್ತೆ ಹಳಿಗೆ ಬಂತು.