ಗೌರ್ಮೆಂಟ್ ಚಟ್ನಿ ಅಲ್ಲ ಚಿಗವ್ವ, ಗೂರ್ಮೇ!

ಕಂಪ್ಲಿಯಲ್ಲಿರುವ ನಮ್ಮ ಚಿಗವ್ವ ಓಣಿಯ ನಾಲ್ಕು ಹೆಣ್ಣುಮಕ್ಕಳನ್ನ ಸೇರಿಸಿಕೊಂಡು ಶೇಂಗಾ ಚಟ್ನಿ ಪುಡಿ ಮಾಡಿ ಮಾರುತ್ತಾಳೆ. ಇಷ್ಟು ವರ್ಷ ಅದು ಹೊಸಪೇಟೆಯ ಎರಡು ಕಿರಾಣಿ ಅಂಗಡಿಗಳಿಗೆ ಮಾತ್ರ ಹೋಗುತ್ತಿತ್ತು. ಬೆಂಗಳೂರಿನ ಅಂಗಡಿಗೂ ಕಳಿಸೋಣ ಅಂತ ತಲೆ ಹಾಕಿದ್ದು ನಾನು. ಸಾಫ್ಟ್‌ವೇರ್‌ನವನಲ್ವಾ, ಲೇಬಲ್ ಡಿಸೈನ್ ನಾನೇ ಮಾಡಿದೆ. ದೊಡ್ಡ ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಒಂದು ಪದ ಹಾಕಿದೆ. ಮಾಲ್‌ಗಳಲ್ಲಿ ದುಬಾರಿ ಚೀಸ್, ಚಾಕೊಲೇಟ್, ಪಾಪ್‌ಕಾರ್ನ್ ಮೇಲೆಲ್ಲ ಇರುತ್ತಲ್ಲ, ಅದೇ ಪದ.

ಫೋನಿನಲ್ಲಿ ಅಂಗಡಿಯವರಿಗೆ ಹೇಳಿದೆ: "ಇದು ಗೌರ್ಮೆಟ್ ಚಟ್ನಿ ಸರ್."

ಆ ಕಡೆ ಒಂದು ಕ್ಷಣ ಸುಮ್ಮನಾದರು. ಆಮೇಲೆ ಮೆತ್ತಗೆ, "ಗೂರ್ಮೇನಾ? ಸರಿ. ನಿಮ್ಮ ಚಟ್ನಿಯಲ್ಲಿ ಗೂರ್ಮೇ ಅನ್ನೋ ಅಂಥದ್ದು ಏನಿದೆ?" ಅಂದರು.

ಉಚ್ಚಾರ ತಪ್ಪಾಗಿದ್ದಕ್ಕೆ ಕಿವಿ ಬಿಸಿಯಾಯಿತು, ನಿಜ. ಆದರೆ ನಿಜವಾಗಿ ಸಿಕ್ಕಿಬಿದ್ದದ್ದು ಎರಡನೇ ಪ್ರಶ್ನೆಗೆ. ಉತ್ತರ ಇರಲಿಲ್ಲ. ಕಿಲೋಗೆ 150 ರೂಪಾಯಿ ಜಾಸ್ತಿ ಕೇಳೋಕೆ ಆ ಪದ ಹಾಕಿದ್ದೆ, ಅಷ್ಟೇ. "ನಾಳೆ ಹೇಳ್ತೀನಿ ಸರ್" ಅಂತ ಫೋನ್ ಇಟ್ಟೆ.

ಚಿಗವ್ವನಿಗೆ ಹೇಳಿದರೆ ಅವಳದು ಬೇರೆ ಗಾಬರಿ. "ಗೌರ್ಮೆಂಟ್ ಚಟ್ನಿನಾ? ಏನಪಾ, ರೇಷನ್ ಅಂಗಡಿದು ಅನ್ಕೊಂಡು ಮಂದಿ ತಗೊಳ್ಳೋದೇ ಇಲ್ಲ!"

ಅವತ್ತು ರಾತ್ರಿ ಕೂತು ಓದಿದೆ. ಪದ ಫ್ರೆಂಚಿನದು. ಕೊನೆಯ 'ಟಿ' ಉಚ್ಚಾರ ಇಲ್ಲ. ಮದುವೆ ಮನೆಯಲ್ಲಿ 'ಬಫೆ' ಅನ್ನುವಾಗ ನಾವು ಆ ಟಿ ಬಿಟ್ಟೇ ಬಿಡುತ್ತೇವೆ, ಹೂವಿನ 'ಬುಕೆ'ಯಲ್ಲೂ ಬಿಡುತ್ತೇವೆ. ಇದೂ ಹಾಗೆ. ಮೊದಲಿಗೆ ಈ ಪದ ಇದ್ದದ್ದು ದ್ರಾಕ್ಷಾರಸದ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ ಆಳಿಗೆ. ಪೀಪಾಯಿಯಿಂದ ಒಂದು ಗುಟುಕು ಕುಡಿದು ಇದು ಒಳ್ಳೇದು, ಇದು ಕೆಟ್ಟಿದೆ ಅಂತ ಹೇಳುವವನು. ನಿಧಾನಕ್ಕೆ ಅದು ಊಟ-ಪಾನೀಯದ ರುಚಿ ಬಲ್ಲವರಿಗೆಲ್ಲ ಹೆಸರಾಯಿತು. ಇಂಗ್ಲಿಷಿಗೆ ಬಂದದ್ದು 1820ರ ಆಸುಪಾಸು.

ಅಂದರೆ ಗೂರ್ಮೇ ಮೊದಲು ಒಬ್ಬ ಮನುಷ್ಯ! ತಿನಿಸಿಗೆ, ಅಂಗಡಿಗೆ, ಪಾಪ್‌ಕಾರ್ನ್‌ಗೆ ವಿಶೇಷಣವಾಗಿ ಅಂಟಿಕೊಂಡದ್ದು ಆಮೇಲೆ. ಈಗ ಎರಡೂ ಬಳಕೆ ಸರಿಯೇ. 'ಅವರು ಒಬ್ಬ ಗೂರ್ಮೇ' ಅನ್ನಬಹುದು, 'ಗೂರ್ಮೇ ಊಟ' ಅಂತಲೂ ಅನ್ನಬಹುದು.

ಇದರ ಪಕ್ಕದಲ್ಲೇ ಗೂರ್ಮಾಂಡ್ ಅಂತ ಇನ್ನೊಂದು ಪದ ಇದೆ. ಅವರಿಗೆ ಊಟ ಪ್ರೀತಿ, ಆದರೆ ತೂಕ ಬೀಳೋದು ರುಚಿಗಿಂತ ಪ್ರಮಾಣಕ್ಕೆ. ನಮ್ಮ ತಿಂಡಿಪೋತನಿಗೆ ಹತ್ತಿರ. ಹೊಟ್ಟೆಬಾಕನಿಗೆ ಇಂಗ್ಲಿಷಿನಲ್ಲಿ ಗ್ಲಟನ್ ಅಂತ ಬೇರೆಯೇ ಇದೆ. 'ಫುಡೀ' ಅನ್ನೋದು 1980ರ ದಶಕದ ಕೂಸು. ಬಾಸ್‌ನ ಮನೆಗೆ ಊಟಕ್ಕೆ ಹೋಗಿ ಹೊಗಳೋಕೆ ಅಂತ 'ನೀವು ಗೂರ್ಮಾಂಡ್ ಸರ್' ಅಂದುಬಿಟ್ಟೀರಿ, ಹುಷಾರು.

ಹಾಗಾದರೆ ಗೂರ್ಮೇಗೆ ಕನ್ನಡದಲ್ಲಿ ಏನನ್ನಬೇಕು? ಭೋಜನಪ್ರಿಯ ಅಂದರೆ ಪ್ರೀತಿ ಬಂತು, ತಿಳಿವಳಿಕೆ ಬರಲಿಲ್ಲ. ರಸಿಕ ಅಂದರೆ ಅರ್ಥ ಎಲ್ಲೆಲ್ಲಿಗೋ ಹೋಗುತ್ತೆ. ಕೊನೆಗೆ ಹೊಳೆದದ್ದು ಗಾದೆ: ಊಟ ಬಲ್ಲವನಿಗೆ ರೋಗವಿಲ್ಲ. ಗಾದೆ ಆರೋಗ್ಯದ ಬಗ್ಗೆ ಹೇಳುತ್ತೆ, ಒಪ್ಪಿದೆ. ಆದರೂ 'ಊಟ ಬಲ್ಲವರು' ಅನ್ನೋದಕ್ಕಿಂತ ಹತ್ತಿರದ ಮಾತು ನನಗೆ ಸಿಗಲಿಲ್ಲ.

ಊಟ ಬಲ್ಲವರು ನಮ್ಮಲ್ಲಿ ಹೊಸಬರೇನಲ್ಲ. ಮೂರನೆಯ ಮಂಗರಸ ಕನ್ನಡದಲ್ಲಿ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಅನ್ನೋ ಅಡುಗೆ ಪುಸ್ತಕ ಬರೆದದ್ದು ಸುಮಾರು 1508ರಲ್ಲಿ. ಅದರಲ್ಲಿ ಬದನೆಕಾಯಿ ಅಡುಗೆಗೇ ಒಂದು ಭಾಗ ಇದೆ. 1509ರಲ್ಲಿ ಇತ್ತ ವಿಜಯನಗರದಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ಹಂಪಿಗೆ ಹೋದವರು 'ಭೋಜನಶಾಲೆ' ಅಂತ ಕರೆಯೋ ಜಾಗ ನೋಡಿರಬಹುದು. ನೀರಿನ ಕಾಲುವೆಯ ಎರಡೂ ಕಡೆ ಸಾಲಾಗಿ ಕಲ್ಲಿನ ತಟ್ಟೆಗಳು. ಅನ್ನಕ್ಕೆ ಅಗಲವಾದ ಜಾಗ, ಪಲ್ಯ-ಚಟ್ನಿಗೆ ಅಂತ ಸಣ್ಣ ಸಣ್ಣ ಗುಳಿ. ಚಿಕ್ಕವನಿದ್ದಾಗ ಅದರ ಮುಂದೆ ಕೂತು ಊಟ ಮಾಡೋ ಥರ ಫೋಟೋ ತೆಗೆಸಿಕೊಂಡಿದ್ದೆ. ಚಟ್ನಿಗೆ ಬೇರೆ ಗುಳಿ ಬೇಕು ಅಂತ ಕಲ್ಲು ಕಡಿದವರಿಗೂ ಗೊತ್ತಿತ್ತು ಅನ್ನೋದು ತಲೆಗೆ ಬಂದದ್ದು ಮಾತ್ರ ಈಗ.

ಮರುದಿನ ಶನಿವಾರ. ಹಿಂದಿನ ವಾರವೇ ಊರಿಗೆ ಬಂದಿದ್ದರಿಂದ ಬೈಕ್ ಹತ್ತಿ ಹೊಸಪೇಟೆಯಿಂದ ಕಂಪ್ಲಿಗೆ ಹೋದೆ. ಕಮಲಾಪುರ ದಾಟಿದ ಮೇಲೆ ಬಾಳೆ, ಆಮೇಲೆ ಭತ್ತದ ಗದ್ದೆ, ಒಂದು ತಾಸಿನ ದಾರಿ. ಹೋದಾಗ ಚಿಗವ್ವ ಶೇಂಗಾ ಚೀಲದವನ ಜೊತೆ ಜಗಳದಲ್ಲಿದ್ದಳು. ಚೀಲದೊಳಗೆ ಮೊಳಕೈವರೆಗೆ ಕೈ ಹಾಕಿ ಅಡಿಯಿಂದ ಒಂದು ಹಿಡಿ ತೆಗೆದಳು. ಮೂಸಿದಳು. ಎರಡು ಕಾಳು ಬಾಯಿಗೆ ಹಾಕಿ ಅಗಿದು ಉಗುಳಿದಳು. "ಕಮಟು ಬಂದೈತಿ. ಹಳೇ ಮಾಲು. ವಾಪಸ್ ಒಯ್ಯಿ."

ನಾನೂ ತಿಂದು ನೋಡಿದೆ. ನನಗೇನೂ ಗೊತ್ತಾಗಲಿಲ್ಲ.

"ನಿನಗ ಹೆಂಗ ಗೊತ್ತಾಗ್ತದ? ಬಾಯಾಗ ಇಟ್ಟಕೂಡ್ಲೇ ಅಲ್ಲ, ನುಂಗಿದ ಮ್ಯಾಲೆ ಗಂಟಲಾಗ ನೋಡು" ಅಂದಳು. ಹೌದು, ಹಿಂದಿನಿಂದ ಒಂದು ಹಳೇ ಎಣ್ಣೆಯ ವಾಸನೆ ಬಂತು.

ಆಮೇಲೆ ಕೇಳುತ್ತಾ ಹೋದೆ. ಶೇಂಗಾ ಸಣ್ಣ ಉರಿಯಲ್ಲೇ ಹುರಿಯಬೇಕು, ದೊಡ್ಡ ಉರಿಯಾದರೆ ಹೊರಗೆ ಕಪ್ಪು, ಒಳಗೆ ಹಸಿ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಗುಂಟೂರು. ಬಳ್ಳೊಳ್ಳಿ ಕೊನೆಗೆ. ಮಿಕ್ಸಿ ಯಾಕೆ ಬೇಡ ಅಂದರೆ, ಅದು ಬಿಸಿಯಾಗಿ ಶೇಂಗಾ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತೆ. ಒಳ್ಳಲ್ಲಿ ಕುಟ್ಟಿದರೆ ತರಿತರಿಯಾಗಿ ಉಳಿಯುತ್ತೆ. ರೊಟ್ಟಿ ಮುರಿದು ಅದ್ದಿದಾಗ ಹಲ್ಲಿಗೆ ಸಿಗಬೇಕು, ಅದು ಅವಳ ಲೆಕ್ಕ.

ಅಂಗಡಿಯವರ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಗೂರ್ಮೇ ಇದ್ದದ್ದು ಪೊಟ್ಟಣದಲ್ಲಲ್ಲ, ಚೀಲ ವಾಪಸ್ ಕಳಿಸಿದವಳಲ್ಲಿ.

ಆದರೂ ಲೇಬಲ್ ಮೇಲೆ ಆ ಪದ ಇಡಬೇಕಾ? ಸಂಡೂರಿನ ಲಂಬಾಣಿ ಕಸೂತಿಗೆ ಜಿಐ ಟ್ಯಾಗ್ ಇದೆ. ಆ ಮಾತಿನ ಹಿಂದೆ ಒಂದು ನೋಂದಣಿ ಇದೆ, ಯಾರು ಬೇಕಾದರೂ ಅಂಟಿಸಿಕೊಳ್ಳೋಕಾಗಲ್ಲ. ಆಹಾರದ ಜಾಹೀರಾತಿಗೆ ಸಂಬಂಧಿಸಿದ 2018ರ ಎಫ್‌ಎಸ್‌ಎಸ್‌ಎಐ ನಿಯಮದಲ್ಲಿ 'ನ್ಯಾಚುರಲ್', 'ಫ್ರೆಶ್', 'ಟ್ರೆಡಿಷನಲ್' ಥರದ ಪದಗಳನ್ನ ಯಾವಾಗ ಬಳಸಬಹುದು ಅಂತ ಷರತ್ತು ಇದೆ. ಆ ಪಟ್ಟಿಯಲ್ಲಿ ಗೂರ್ಮೇ ಇಲ್ಲ. ಅದಕ್ಕೇ ಅದು ಎಲ್ಲರ ಪೊಟ್ಟಣದ ಮೇಲೂ ಇದೆ ಅಂತ ನನ್ನ ಅನುಮಾನ.

ಪ್ರಿಂಟಿಗೆ ಹೋಗೋ ಮುಂಚೆ 500 ಲೇಬಲ್‌ನ ಫೈಲ್ ಬದಲಾಯಿಸಿದೆ. ಈಗ 'ಒಳ್ಳಲ್ಲಿ ಕುಟ್ಟಿದ ಶೇಂಗಾ ಚಟ್ನಿ, ಕಂಪ್ಲಿ' ಅಂತಿದೆ. ಕೆಳಗೆ ಕುಟ್ಟಿದ ತಾರೀಖು. ಅಂಗಡಿಯವರಿಗೆ ಫೋನಿನಲ್ಲಿ ಶೇಂಗಾ ಚೀಲದ ಕಥೆ ಹೇಳಿದೆ. ಮೊದಲ ಸಲಕ್ಕೆ 20 ಪೊಟ್ಟಣ ಕಳಿಸಿ ನೋಡೋಣ ಅಂದರು. ರೇಟು ನಾನು ಕೇಳಿದಷ್ಟು ಕೊಟ್ಟಿಲ್ಲ, ಕಿಲೋಗೆ 80 ರೂಪಾಯಿ ಜಾಸ್ತಿಗೆ ಒಪ್ಪಿದರು.

ಮೊನ್ನೆ ಚಿಗವ್ವ ಫೋನ್ ಮಾಡಿದ್ದಳು. "ಅವತ್ತು ಇನ್ನೊಂದು ಶಬ್ದ ಅಂದಿದ್ದೆಲ್ಲ, ಭಾಳ ತಿನ್ನೋರಿಗೆ, ಏನದು?"

"ಗೂರ್ಮಾಂಡ್."

"ಹಾಂ, ಅದೇ. ಬೆಂಗಳೂರಿಗೆ ಕಟ್ಟಿಟ್ಟಿದ್ದ ಪುಡಿಯಾಗ ನಿಮ್ಮ ಚಿಗಪ್ಪ ಒಂದು ಪಾಕೀಟು ಒಡೆದು ಕುಂತಾನ."