ಹಕ್ಕಿಜ್ವರದ ವೈರಾಣು: ಬಾತಿನಿಂದ ಮನುಷ್ಯನತ್ತ

ಕೊಚ್ಚಿ–ತಿರುವನಂತಪುರಗಳ ನಡುವೆ ಕುಟ್ಟನಾಡಿನ ಭತ್ತದ ಬಯಲುಗಳಿವೆ. ಕೊಯ್ಲಾದ ಗದ್ದೆಗಳಲ್ಲಿ ಬಾತುಗಳನ್ನು ಮೇಯಿಸುವುದು ಅಲ್ಲಿನ ಅನೇಕ ಕುಟುಂಬಗಳ ಜೀವನೋಪಾಯ. 2014ರ ನವೆಂಬರಿನಲ್ಲಿ ಈ ಬಾತುಗಳಿಗೆ ಎಚ್5ಎನ್1 ಹಕ್ಕಿಜ್ವರ ತಗಲಿತು. 2023ರ ಜನವರಿಯಲ್ಲಿ ತಿರುವನಂತಪುರ ಜಿಲ್ಲೆಯ ಅಳೂರಿನಲ್ಲಿಯೂ ರೋಗ ದೃಢಪಟ್ಟು ಸಾಕುಹಕ್ಕಿಗಳನ್ನು ಕೊಲ್ಲಬೇಕಾಯಿತು.

ಇನ್‌ಫ್ಲುಯೆಂಜಾ ‘ಎ’ ವೈರಾಣುವಿನ ಮೂಲ ಆಶ್ರಯ ನೀರುಹಕ್ಕಿಗಳು. ಅದರ ಆನುವಂಶಿಕ ವಸ್ತು ಎಂಟು ಆರ್‌ಎನ್‌ಎ ತುಣುಕುಗಳಾಗಿದ್ದು, ನಕಲಾಗುವಾಗಿನ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಅದಕ್ಕಿಲ್ಲ. ಆದ್ದರಿಂದ ಅದು ಸದಾ ಮಾರ್ಪಡುತ್ತಿರುತ್ತದೆ. ಎರಡು ಬಗೆಯ ವೈರಾಣುಗಳು ಒಂದೇ ಜೀವಕೋಶವನ್ನು ಹೊಕ್ಕರಂತೂ ತುಣುಕುಗಳೇ ಅದಲುಬದಲಾಗಬಹುದು. 1957 ಮತ್ತು 1968ರ ವಿಶ್ವವ್ಯಾಪಿ ಜ್ವರಗಳ ವೈರಾಣುಗಳು ಹಕ್ಕಿಯ ಹಾಗೂ ಮನುಷ್ಯನ ತಳಿಗಳು ಹೀಗೆ ಬೆರೆತು ಹುಟ್ಟಿದವು.

ಆದರೂ ಹಕ್ಕಿಯ ವೈರಾಣುವಿಗೆ ಮನುಷ್ಯ ಸುಲಭದ ನೆಲೆಯಲ್ಲ. ಅದು ಅಂಟಿಕೊಳ್ಳುವ ಸಯಾಲಿಕ್ ಆಮ್ಲದ ಜೋಡಣೆ ಹಕ್ಕಿಯ ಕರುಳಿನಲ್ಲಿ ಒಂದು ಬಗೆ, ಮನುಷ್ಯನ ಮೂಗು-ಗಂಟಲಿನಲ್ಲಿ ಬಹುಮಟ್ಟಿಗೆ ಇನ್ನೊಂದು ಬಗೆ. ಹಕ್ಕಿಯ ಬಗೆಯದು ಮನುಷ್ಯನಲ್ಲಿ ಹೆಚ್ಚಾಗಿರುವುದು ಶ್ವಾಸಕೋಶದ ಆಳದಲ್ಲಿ. ಸೋಂಕು ವಿರಳವಾಗಿದ್ದು, ತಗಲಿದರೆ ತೀವ್ರವಾಗುವುದಕ್ಕೆ ಇದೂ ಒಂದು ಕಾರಣ.

ಸೋಂಕು ತಗಲಿದ ಪ್ರತಿಯೊಂದು ಹಿಂಡೂ ವೈರಾಣುವಿಗೆ ಮಾರ್ಪಡಲು ದೊರೆಯುವ ಮತ್ತೊಂದು ಅವಕಾಶ. ರೋಗ ಕಂಡ ಸ್ಥಳದಿಂದ ಒಂದು ಕಿಲೋಮೀಟರಿನೊಳಗಿನ ಆರೋಗ್ಯವಂತ ಕೋಳಿ-ಬಾತುಗಳನ್ನೂ ಕೊಲ್ಲುವ ಕ್ರಮ ಸಾಕಣೆದಾರರಿಗೆ ಕಠೋರವೆನಿಸುವುದು ಸಹಜ. ಅದರ ಹಿಂದಿರುವುದು ಈ ಲೆಕ್ಕಾಚಾರವೇ. ಹಾಗೆ ಕೊಂದ ಹಕ್ಕಿಗಳಿಗೆ ಸರ್ಕಾರ ಪರಿಹಾರಧನ ನೀಡುತ್ತದೆ.